ರೈಲುದಾರಿಯ ಹಾಡುಗಾರ ಜಿಮ್ಮಿ ರಾಜರ್ಸ್: ಬಾಳು ಮತ್ತು ಗಾನಶೈಲಿ

೧

ಹಳ್ಳಿಯ ಹಾಡು ಎಂದೊಡನೆ ನಮ್ಮಲ್ಲಿ ಬಹುಮಂದಿಯ ಮನಸ್ಸಿನಲ್ಲಿ ಮೂಡುವ ಚಿತ್ರ ಒಂದೇ. ಹೊರಗಿನ ಗಾಳಿ ಸೋಕದ ಒಂದು ಊರು. ಅಲ್ಲಿ ಹಿರಿಯರಿಂದ ಕಿರಿಯರಿಗೆ ಬಾಯಿಂದ ಬಾಯಿಗೆ ಇಳಿದು ಬಂದ ಪದ. ಅದಕ್ಕೆ ಕರ್ತೃವಿನ ಹೆಸರಿಲ್ಲ, ಕಾಸಿನ ಲೆಕ್ಕವಿಲ್ಲ, ಪರಭಾಷೆಯ ಬೆರಕೆಯಿಲ್ಲ. ಚಿತ್ರವೇನೋ ಮನೋಹರವಾದುದೇ. ಆದರೆ ಇದನ್ನೇ ಒರೆಗಲ್ಲಾಗಿ ಹಿಡಿದು ಹಾಡುಗಳನ್ನು ಪರೀಕ್ಷಿಸಹೊರಟರೆ ಗಡಿನಾಡಿನ ಪದಗಳಲ್ಲಿ ಅರ್ಧಕ್ಕರ್ಧ ಹೊರಗೆ ನಿಲ್ಲಬೇಕಾದೀತು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಕಡೆಯ ಲಾವಣಿಯಲ್ಲಿ ಮರಾಠಿಯ ಮಾತು ಬಾರದೆ ಇರದು. ಆದವಾನಿ, ರಾಯದುರ್ಗಗಳ ಕಡೆ ತೆಲುಗು, ಕಾಸರಗೋಡಿನ ಕಡೆ ತುಳು ಮಲಯಾಳಗಳು ಹಾಗೆಯೇ ಬಂದು ಸೇರುತ್ತವೆ. ಇಂಥ ಪದಗಳನ್ನು ಶಾಲೆಯ ಉತ್ಸವಕ್ಕೆಂದೋ ಸಂಗ್ರಹಕ್ಕೆಂದೋ ಬರೆದುಕೊಳ್ಳುವಾಗ ಬೆರಕೆಯ ಮಾತನ್ನು ಕಿತ್ತು ಅಚ್ಚಗನ್ನಡದ ಮಾತನ್ನು ಹಾಕಿ ‘ತಿದ್ದುವ’ ಪರಿಪಾಠ ನಮ್ಮ ಉಪಾಧ್ಯಾಯ ವರ್ಗದಲ್ಲಿ ಉಂಟು. ಉದ್ದೇಶ ಒಳ್ಳೆಯದೇ. ಪರಿಣಾಮ ಒಳ್ಳೆಯದೆ ಎಂಬುದು ಪ್ರಶ್ನೆ.

ಈ ಪ್ರಶ್ನೆಯನ್ನು ನಮ್ಮ ಹಾಡುಗಾರರನ್ನೇ ಮುಂದಿಟ್ಟುಕೊಂಡು ಚರ್ಚಿಸಿದರೆ ಅಭಿಮಾನವು ವಿವೇಚನೆಗೆ ಅಡ್ಡಬರುವ ಸಂಭವವುಂಟು. ಆದುದರಿಂದ ನಮಗೆ ಸ್ನೇಹವೂ ದ್ವೇಷವೂ ಇಲ್ಲದ, ದೂರ ದೇಶದ ಒಬ್ಬ ಹಾಡುಗಾರನನ್ನು ಇಲ್ಲಿ ಆರಿಸಿಕೊಂಡಿದೆ. ಅಮೆರಿಕೆಯಲ್ಲಿ ‘ಕಂಟ್ರಿ’ ಸಂಗೀತವೆಂದು ಕರೆಯಲ್ಪಡುವ ಹಳ್ಳಿಗಾಡಿನ ಸಂಗೀತಕ್ಕೆ ಜನಕನೆಂದು ಹೆಸರಾದ ಜಿಮ್ಮಿ ರಾಜರ್ಸ್ (೧೮೯೭–೧೯೩೩) ಆ ಹಾಡುಗಾರ. ಅವನು ಧ್ವನಿಮುದ್ರಣಕ್ಕೆ ಹಾಡಿದ ಕಾಲ ಆರು ವರ್ಷಕ್ಕೂ ಕಡಮೆ. ಹಾಡಿದ ಹಾಡುಗಳು ಸುಮಾರು ೧೧೦. ಹಳ್ಳಿಯ ಹಾಡಿನ ಜನಕನೆಂದು ಕೀರ್ತಿ ಪಡೆದ ಈತನ ಹಾಡಿನಲ್ಲಿ ‘ಶುದ್ಧ’ವೆನ್ನಬಹುದಾದದ್ದು ಏನೂ ಇಲ್ಲವೆಂಬುದೇ ವಿಚಾರ ಮಾಡತಕ್ಕ ಸಂಗತಿ.

೨. ಬಾಳು

ರಾಜರ್ಸನು ೧೮೯೭ರ ಸೆಪ್ಟೆಂಬರ್ ೮ರಂದು ಹುಟ್ಟಿದನು. ಮಿಸಿಸಿಪ್ಪಿ ಸಂಸ್ಥಾನದ ಮೆರಿಡಿಯನ್ ಅವನು ತನ್ನ ಊರೆಂದು ಹೇಳಿಕೊಂಡ ಊರು. ಅದು ರೈಲುದಾರಿಗಳು ಕೂಡುವ ಜಂಕ್ಷನ್. ತಂದೆ ಆರನ್ ರಾಜರ್ಸ್ ರೈಲ್ವೆಯಲ್ಲಿ ಹಳಿ ಕಾಯುವ ಗ್ಯಾಂಗಿನ ಮೇಸ್ತ್ರಿ. ತಾಯಿ ಎಳೆಯ ವಯಸ್ಸಿನಲ್ಲೇ ತೀರಿಕೊಂಡಳು. ತಂದೆಯ ಕೆಲಸ ಹಳಿಯುದ್ದಕ್ಕೂ ಅಲೆಯುವಂಥದು. ಹುಡುಗನು ನೆಂಟರಿಷ್ಟರ ಮನೆಗಳಲ್ಲಿಯೂ ರಸ್ತೆಗಳಲ್ಲಿಯೂ ಬೆಳೆದನು. ಹದಿಮೂರರ ಹೊತ್ತಿಗೆ ಹವ್ಯಾಸಿಗಳ ಪಂದ್ಯವೊಂದರಲ್ಲಿ ಹಾಡಿ ಗೆದ್ದು, ಊರೂರು ತಿರುಗಿ ಔಷಧ ಮಾರುವವರ ಮೇಳವೊಂದರ ಹಿಂದೆ ಹೊರಟುಹೋದನು. ತಂದೆ ಹುಡುಕಿ ಮನೆಗೆ ಕರೆತಂದನು.

ಆಮೇಲೆ ರೈಲ್ವೆಯ ಚಾಕರಿ. ಮೊದಲು ಗ್ಯಾಂಗಿನ ಕೂಲಿಕಾರರಿಗೆ ನೀರು ಕೊಡುವ ಹುಡುಗ. ತರುವಾಯ ಗೂಡ್ಸ್ ಗಾಡಿಯ ಬ್ರೇಕ್‌ಮನ್. ಗಾಡಿಯ ಬ್ರೇಕುಗಳನ್ನೂ ಡಬ್ಬಿಗಳ ಜೋಡಣೆಯನ್ನೂ ನೋಡಿಕೊಳ್ಳುವ, ಬಿಸಿಲು ಮಳೆ ಚಳಿಯೆನ್ನದೆ ಮಾಡಬೇಕಾದ, ಎದೆಯನ್ನು ತಿನ್ನುವ ಕೆಲಸವದು. ೧೯೨೦ರಲ್ಲಿ ಕ್ಯಾರಿ ವಿಲಿಯಮ್ಸನ್ ಎಂಬವಳನ್ನು ಮದುವೆಯಾದನು. ಇಬ್ಬರು ಹೆಣ್ಣುಮಕ್ಕಳಲ್ಲಿ ಒಂದು ೧೯೨೩ರಲ್ಲಿ ಎಳೆಗೂಸಾಗಿದ್ದಾಗಲೇ ತೀರಿಹೋಯಿತು. ೧೯೨೪ರಲ್ಲಿ, ತನ್ನ ಇಪ್ಪತ್ತೇಳನೆಯ ವಯಸ್ಸಿನಲ್ಲಿ, ತನಗೆ ಕ್ಷಯವೆಂದು ರಾಜರ್ಸನಿಗೆ ತಿಳಿಯಿತು. ಆ ಕಾಲದಲ್ಲಿ ಕ್ಷಯಕ್ಕೆ ಮದ್ದಿರಲಿಲ್ಲ. ವಿಶ್ರಾಂತಿ, ಒಳ್ಳೆಯ ಗಾಳಿ, ಹಾಲು ಮೊಟ್ಟೆ, ಇಷ್ಟೇ ವೈದ್ಯರ ಉಪದೇಶ. ದುಡಿದು ತಿನ್ನುವವನಿಗೆ ಇವೆಲ್ಲ ದಕ್ಕುವ ವಸ್ತುಗಳಲ್ಲ. ರೈಲ್ವೆಯ ಕೆಲಸ ಕೈತಪ್ಪುತ್ತ ಬಂದಿತು. ಹಾಡು ಅವನಿಗೆ ಹವ್ಯಾಸವಾಗಿ ಉಳಿಯದೆ ಹೊಟ್ಟೆಪಾಡಾಯಿತು.

೧೯೨೭ರಲ್ಲಿ ಅವನು ಗುಡ್ಡಗಾಡಿನ ಆಶ್‌ವಿಲ್ ಎಂಬ ಊರಿಗೆ ಬಂದು ಅಲ್ಲಿಯ ಆಕಾಶವಾಣಿಯಲ್ಲಿ ಕೆಲದಿನ ಹಾಡಿದನು. ‘ಟೆನ್ನೆವಾ ರ್‍ಯಾಂಬ್ಲರ್ಸ್’ ಎಂಬ ತಂತಿವಾದ್ಯದ ಮೇಳ ಅವನ ಜತೆ ಕೂಡಿತು. ಈ ಹೆಸರನ್ನು ಗಡಿನಾಡಿನ ವಾಚಕರು ಗಮನಿಸಬೇಕು. ಮೇಳದವರು ಬ್ರಿಸ್ಟಲ್ ಊರಿನವರು. ಬ್ರಿಸ್ಟಲ್ಲಿನ ಮುಖ್ಯ ಬೀದಿಯ ನಡುವೆಯೇ ಟೆನ್ನೆಸೀ ಮತ್ತು ವರ್ಜೀನಿಯಾ ಸಂಸ್ಥಾನಗಳ ಗಡಿರೇಖೆ ಹಾಯ್ದಿದೆ; ಬೀದಿಯ ಒಂದು ಸಾಲಿನ ಅಂಗಡಿಗಳು ಒಂದು ಸಂಸ್ಥಾನಕ್ಕೆ, ಎದುರು ಸಾಲಿನವು ಇನ್ನೊಂದಕ್ಕೆ. ಎರಡರ ಹೆಸರನ್ನೂ ಬೆಸೆದು ಮೇಳದವರು ‘ಟೆನ್ನೆವಾ’ ಎಂದು ತಮ್ಮ ಹೆಸರನ್ನು ಮಾಡಿಕೊಂಡಿದ್ದರು.

ಆ ವರ್ಷ ಜುಲೈ ೨೫ರಿಂದ ಆಗಸ್ಟ್ ೫ರವರೆಗೆ ವಿಕ್ಟರ್ ಕಂಪನಿಯ ಪರವಾಗಿ ರಾಲ್ಫ್ ಪೀರ್ ಎಂಬವನು ಇದೇ ಬೀದಿಯ ಟೆನ್ನೆಸೀ ಮಗ್ಗುಲಿನ ಒಂದು ಕಟ್ಟಡದಲ್ಲಿ ಯಂತ್ರಗಳನ್ನು ಹೂಡಿ ಸುತ್ತಣ ಹಾಡುಗಾರರ ಹಾಡುಗಳನ್ನು ಮುದ್ರಿಸಿಕೊಂಡನು. ಮೇಳದೊಡನೆ ರಾಜರ್ಸನೂ ಅಲ್ಲಿಗೆ ಹೋದನು. ಪ್ಲೇಟಿನ ಮೇಲೆ ಯಾರ ಹೆಸರು ಬರಬೇಕೆಂಬ ವಿಷಯದಲ್ಲಿ ಜಗಳ ಹುಟ್ಟಿ ಮೇಳವು ಬೇರೆಯಾಯಿತು. ಆಗಸ್ಟ್ ೪ರಂದು ರಾಜರ್ಸನು ಒಬ್ಬನೇ ಗಿಟಾರು ಹಿಡಿದು ಎರಡು ಹಾಡು ಹಾಡಿದನು. ಒಂದು ಯುದ್ಧಕ್ಕೆ ಹೋಗಿ ಮಡಿದ ಸೈನಿಕನ ನಲ್ಲೆಯ ಹಾಡು, ಇನ್ನೊಂದು ಜೋಗುಳ. ಅದಕ್ಕೆ ಸಿಕ್ಕ ಹಣ ೧೦೦ ಡಾಲರು. ಇದೇ ಕೂಟದಲ್ಲಿ, ಅದೇ ವಾರ, ಕಾರ್ಟರ್ ಕುಟುಂಬದವರೂ ಮೊತ್ತಮೊದಲಿಗೆ ಹಾಡಿದರು. ಅಮೆರಿಕೆಯ ಕಾಂಗ್ರೆಸ್ಸು ೧೯೯೮ರಲ್ಲಿ ಬ್ರಿಸ್ಟಲ್ಲನ್ನು ಕಂಟ್ರಿ ಸಂಗೀತದ ಜನ್ಮಸ್ಥಳವೆಂದು ಮಾನ್ಯಮಾಡಿತು. ಎರಡು ಸಂಸ್ಥಾನಗಳ ಗೆರೆಯ ಮೇಲೆ ನಿಂತ ಊರಿಗೆ ಆ ಮಾನ ಸಂದಿತೆಂಬುದು ನಮ್ಮಂಥವರಿಗೆ ಹಿತವಾದ ಸುದ್ದಿ.

ಆ ಎರಡು ಹಾಡುಗಳಿಂದ ದೊಡ್ಡ ಹೆಸರೇನೂ ಬರಲಿಲ್ಲ. ರಾಜರ್ಸನು ತಾನಾಗಿಯೇ ಪೀರನನ್ನು ಹುಡುಕಿಕೊಂಡು ಹೋಗಿ, ೧೯೨೭ರ ನವೆಂಬರ್ ೩೦ರಂದು ಕ್ಯಾಮ್ಡೆನ್ ಎಂಬಲ್ಲಿ ‘ಬ್ಲೂ ಯೋಡೆಲ್’ ಎಂಬ ಹಾಡನ್ನು ಹಾಡಿದನು. ಮರುವರ್ಷ ಹೊರಬಂದ ಆ ಪ್ಲೇಟು ಲಕ್ಷಗಟ್ಟಲೆ ಮಾರಾಟವಾಯಿತು. ಮುಂದಿನದೆಲ್ಲ ಓಟ. ಡೇರೆಯ ಆಟಗಳು, ನಾಟಕಶಾಲೆಗಳು, ೧೯೨೯ರಲ್ಲಿ ‘ದಿ ಸಿಂಗಿಂಗ್ ಬ್ರೇಕ್‌ಮನ್’ ಎಂಬ ಕಿರುಚಿತ್ರ, ಟೆಕ್ಸಾಸಿನ ಕರ್ವಿಲ್ಲಿನಲ್ಲಿ ದೊಡ್ಡ ಮನೆ. ೧೯೩೧ರ ಆರಂಭದಲ್ಲಿ ಹಾಸ್ಯಗಾರ ವಿಲ್ ರಾಜರ್ಸನೊಡನೆ ಬರಗಾಲದ ಪರಿಹಾರ ನಿಧಿಗಾಗಿ ಊರೂರು ಹಾಡಿದನು. ಗಳಿಸಿದ ಹಣ ಕೈಯಲ್ಲಿ ನಿಲ್ಲಲಿಲ್ಲ. ಆರ್ಥಿಕ ಮುಗ್ಗಟ್ಟು ಬಂದು ಪ್ಲೇಟುಗಳ ಮಾರಾಟ ಕುಸಿಯಿತು. ದೊಡ್ಡ ಮನೆಯೂ ಹೋಯಿತು. ರೋಗ ಮಾತ್ರ ಬಿಡಲಿಲ್ಲ.

೧೯೩೩ರ ಮೇ ತಿಂಗಳಲ್ಲಿ ಕೊನೆಯ ಮುದ್ರಣಕ್ಕೆಂದು ನ್ಯೂಯಾರ್ಕಿಗೆ ಹೋದನು. ಒಂದು ಹಾಡು ಮುಗಿದರೆ ಇನ್ನೊಂದಕ್ಕೆ ಉಸಿರು ಸಾಲದು. ಮುದ್ರಣಾಲಯದಲ್ಲಿಯೇ ಮಂಚ ಹಾಕಿಸಿ, ನಡುನಡುವೆ ಮಲಗಿ ಎದ್ದು ಹಾಡಿದನು. ಮೇ ೨೪ರಂದು, ಬ್ರಿಸ್ಟಲ್ಲಿನಲ್ಲಿ ತೊಡಗಿದ ಹಾಗೆಯೇ, ಪಕ್ಕವಾದ್ಯವಿಲ್ಲದೆ ತಾನೂ ಗಿಟಾರೂ ಆಗಿ ಹಾಡು ಮುಗಿಸಿದನು. ೨೬ರಂದು ಹೋಟೆಲಿನ ಕೋಣೆಯಲ್ಲಿ ತೀರಿಕೊಂಡನು. ವಯಸ್ಸು ೩೫. ದೇಹವು ರೈಲಿನಲ್ಲಿಯೇ ಮೆರಿಡಿಯನ್ನಿಗೆ ಹೋಯಿತು. ೧೯೬೧ರಲ್ಲಿ ಕಂಟ್ರಿ ಸಂಗೀತದ ಕೀರ್ತಿಮಂದಿರವು ಸ್ಥಾಪಿತವಾದಾಗ ಮೊದಲು ಸೇರಿಸಿಕೊಂಡ ಮೂವರಲ್ಲಿ ಇವನೊಬ್ಬ.

೩. ಗಾನಶೈಲಿ

ರಾಜರ್ಸನ ಶೈಲಿಯಲ್ಲಿ ಮೊದಲು ಕಿವಿಗೆ ಬೀಳುವುದು ‘ಯೋಡೆಲ್’. ಹಾಡುತ್ತಿರುವ ದನಿಯು ಎದೆಯ ಸ್ಥಾನದಿಂದ ಥಟ್ಟನೆ ಹಾರಿ ಮೇಲಿನ ತೆಳುದನಿಗೆ ಹೋಗುವುದು, ಮತ್ತೆ ಇಳಿಯುವುದು. ಅರ್ಥವಿಲ್ಲದ ಅಕ್ಷರಗಳ ಮೇಲೆ ಈ ಹಾರಾಟ ನಡೆಯುತ್ತದೆ. ನಮ್ಮ ಸಂಗೀತದ ಗುರುಗಳು ಆ ತೆಳುದನಿಯನ್ನು ಕಳ್ಳದನಿ ಎಂದು ಕರೆದು ನಿಷೇಧಿಸುತ್ತಾರೆ. ಎರಡು ದನಿಗಳ ಕೂಡುಸ್ಥಾನ ಕೇಳುವವನಿಗೆ ತಿಳಿಯದಂತೆ ಹಾಡುವುದೇ ಶಾಸ್ತ್ರದ ಸಾಧನೆ. ಯೋಡೆಲಿನಲ್ಲಿ ಇದು ತಿರುವುಮುರುವು. ಅಲ್ಲಿ ಕೂಡುಸ್ಥಾನವನ್ನು ಎತ್ತಿ ತೋರಿಸಬೇಕು. ದನಿ ಮುರಿದದ್ದು ಕೇಳಿಸಲೇಬೇಕು. ಆ ಮುರಿತದಲ್ಲಿಯೇ ರಸ.

ಯೋಡೆಲ್ ರಾಜರ್ಸನ ಆವಿಷ್ಕಾರವಲ್ಲ. ಅದು ಯೂರೋಪಿನ ಆಲ್ಪ್ಸ್ ಬೆಟ್ಟಗಳ ದನಗಾಹಿಗಳ ಕೂಗು. ಹತ್ತೊಂಬತ್ತನೆಯ ಶತಮಾನದಲ್ಲಿ ಬೆಟ್ಟದ ಹಾಡುಗಾರರ ತಂಡಗಳು ಅಮೆರಿಕೆಯಲ್ಲಿ ಸಂಚಾರ ಮಾಡಿ ಅದನ್ನು ರಂಗಭೂಮಿಗೆ ತಂದವು. ೧೯೨೪ರಲ್ಲಿಯೇ ರೈಲಿ ಪಕೆಟ್ ಎಂಬ ಕುರುಡ ಹಾಡುಗಾರನು ಪ್ಲೇಟಿನಲ್ಲಿ ಯೋಡೆಲ್ ಹಾಡಿದ್ದನು. ರಾಜರ್ಸನು ಮಾಡಿದ್ದು ಇಷ್ಟು: ಬೆಟ್ಟದ ಕೂಗನ್ನು ತಂದು ‘ಬ್ಲೂಸ್’ ಎಂಬ ದುಃಖದ ಪದದ ಕೊನೆಗೆ ಕಟ್ಟಿದನು. ಇಷ್ಟು ಎಂದರೆ ಕಡಮೆಯಲ್ಲ.

ಬ್ಲೂಸ್ ಅಮೆರಿಕೆಯ ದಕ್ಷಿಣದ ಕಪ್ಪು ಜನರ ಪದ. ನುಡಿಯೊಂದಕ್ಕೆ ಮೂರು ಸಾಲು. ಮೊದಲನೆಯ ಸಾಲನ್ನು ಹಾಡಿ, ಎರಡನೆಯದಾಗಿ ಅದನ್ನೇ ಮತ್ತೆ ಹಾಡಿ, ಮೂರನೆಯದರಲ್ಲಿ ಉತ್ತರ ಹೇಳುವುದು ಅದರ ಕಟ್ಟು. ನಾಲ್ಕು ನಾಲ್ಕು ಎಣಿಕೆಯ ಹನ್ನೆರಡು ಆವರ್ತಗಳಲ್ಲಿ ನುಡಿ ಮುಗಿಯುತ್ತದೆ. ಷಡ್ಜ, ಮಧ್ಯಮ, ಪಂಚಮಗಳನ್ನು ಬುಡವಾಗಿಟ್ಟ ಮೂರು ಸ್ವರಗುಚ್ಛಗಳು ಗಿಟಾರಿನ ಮೇಲೆ ಸರದಿಯಾಗಿ ಬರುತ್ತವೆ. ಗಾಂಧಾರ ನಿಷಾದಗಳು ತಮ್ಮ ಸ್ಥಾನದಿಂದ ತುಸು ಕೆಳಗೆ ಜಾರಿ ನಿಲ್ಲುತ್ತವೆ. ನಮ್ಮ ತ್ರಿಪದಿ ಇಲ್ಲಿ ನೆನಪಿಗೆ ಬಾರದಿರದು. ಬೀಸುವಾಗ ಕುಟ್ಟುವಾಗ ಎರಡನೆಯ ಸಾಲನ್ನು ಮತ್ತೆ ಎತ್ತಿಕೊಂಡು ಮೂರನೆಯದಕ್ಕೆ ಹೋಗುವ ರೂಢಿ ನಮ್ಮ ಹೆಣ್ಣುಮಕ್ಕಳಲ್ಲಿ ಉಂಟಷ್ಟೆ. ಎರಡು ಕಡೆಯೂ ಮರುಹಾಡಿಕೆಯ ಉಪಯೋಗ ಒಂದೇ: ಕೇಳುವವನ ಮನಸ್ಸು ಸಾಲಿನಲ್ಲಿ ನೆಡುತ್ತದೆ, ಹಾಡುವವನಿಗೆ ಮುಂದಿನ ಸಾಲನ್ನು ಹೊಂದಿಸಿಕೊಳ್ಳಲು ಬಿಡುವು ಸಿಗುತ್ತದೆ. ಇದರಿಂದ ಒಂದು ಇನ್ನೊಂದಕ್ಕೆ ಮೂಲವೆಂದು ಹೇಳುವಂತಿಲ್ಲ. ದುಡಿಯುತ್ತ ಹಾಡುವವರಿಗೆ ಬೇಕಾದ ಅನುಕೂಲ ಎಲ್ಲೆಡೆಯೂ ಒಂದೇ ಎಂದು ಹೇಳಬಹುದು.

ಈ ಮೂರು ಸಾಲು ಮುಗಿದಲ್ಲಿ ಮಾತು ನಿಲ್ಲುತ್ತದೆ, ಯೋಡೆಲ್ ಏಳುತ್ತದೆ. ಮಾತು ಬಹುಮಟ್ಟಿಗೆ ಜಂಬದ ಮಾತು, ಹುಡುಗಾಟದ ಮಾತು. ಬಿಟ್ಟುಹೋದವಳು ಹೋಗಲಿ, ನನಗೆ ಬೇರೊಬ್ಬಳಿದ್ದಾಳೆ ಎಂಬಂಥದು. ಆದರೆ ಅದರ ಬೆನ್ನಿಗೇ ಬರುವ ಒಡೆದ ದನಿಯು ಆ ಜಂಬವನ್ನು ಸುಳ್ಳಾಗಿಸುತ್ತದೆ. ಮಾತು ಅಡಗಿಸಿಟ್ಟದ್ದನ್ನು ಮಾತಿಲ್ಲದ ದನಿಯು ಹೇಳಿಬಿಡುತ್ತದೆ. ರಾಜರ್ಸನ ಕಲೆಯ ಮರ್ಮ ಇಲ್ಲಿದೆಯೆಂದು ನನ್ನ ತಿಳಿವಳಿಕೆ. ಪಲ್ಲವಿಯ ಸ್ಥಾನದಲ್ಲಿ ಅರ್ಥವಿಲ್ಲದ ಅಕ್ಷರಗಳು ಬರುವುದು ನಮಗೆ ಹೊಸದಲ್ಲ. ಗೀಗೀ ಪದಕ್ಕೆ ಹೆಸರೇ ಅದರಿಂದ ಬಂದಿದೆ. ಕುಟ್ಟುವ ಹಾಡಿನ ‘ಸುವ್ವಿ’ಯೂ ಅಂಥದೇ. ಆದರೆ ನಮ್ಮಲ್ಲಿ ಅದನ್ನು ಮೇಳದವರು, ಜತೆಗಾತಿಯರು ಎತ್ತಿಕೊಳ್ಳುತ್ತಾರೆ. ಅದು ಕೂಡಿಹಾಡುವ ಸಂತೋಷ. ರಾಜರ್ಸನಲ್ಲಿ ಎತ್ತಿಕೊಳ್ಳುವವರು ಯಾರೂ ಇಲ್ಲ. ತನ್ನ ಹಾಡಿಗೆ ತಾನೇ ಹಿಮ್ಮೇಳ. ಒಂಟಿತನವು ಅವನ ಹಾಡಿನ ವಸ್ತು ಮಾತ್ರವಲ್ಲ, ಅದರ ಕಟ್ಟಿನಲ್ಲಿಯೇ ಇದೆ.

ತಾಳದ ವಿಷಯದಲ್ಲಿ ಅವನು ಸ್ವತಂತ್ರ; ಕಟ್ಟುನಿಟ್ಟಿನವರು ಅಶಿಸ್ತೆಂದೂ ಅಂದಾರು. ಸಾಲಿನ ಕೊನೆಯ ಸ್ವರವನ್ನು ಮನಸ್ಸು ಬಂದಷ್ಟು ಹೊತ್ತು ಹಿಡಿಯುವನು. ಒಮ್ಮೊಮ್ಮೆ ಎಣಿಕೆ ತುಂಬುವ ಮೊದಲೇ ಮುಂದಿನ ಸಾಲಿಗೆ ಕಾಲಿಡುವನು. ಪಕ್ಕವಾದ್ಯದವರು ಇವನ ಜತೆ ನುಡಿಸಲು ತಿಣುಕುತ್ತಿದ್ದರು. ಒಬ್ಬನೇ ಹಾಡಿ ಅಭ್ಯಾಸವಾದವನಿಗೆ ಮಾತಿನ ಓಟವೇ ತಾಳ. ಅವನ ಗಿಟಾರು ವಾದನವೂ ಸರಳ: ಹೆಬ್ಬೆರಳಿನಲ್ಲಿ ದಪ್ಪ ತಂತಿ, ಉಳಿದ ಬೆರಳುಗಳಲ್ಲಿ ತಂತಿಗಳ ಮೇಲೊಂದು ಸವರು, ಒಂದು ಸ್ವರಗುಚ್ಛದಿಂದ ಇನ್ನೊಂದಕ್ಕೆ ಹೋಗುವಾಗ ದಪ್ಪ ತಂತಿಯ ಮೇಲೆ ನಾಲ್ಕು ಹೆಜ್ಜೆ. ಇಷ್ಟರ ಆಚೆಗೆ ಪಾಂಡಿತ್ಯವಿಲ್ಲ. ಆದರೆ ಈ ನಡಿಗೆಯು ಹಾಡಿಗೆ ಎಷ್ಟು ಬೇಕೋ ಅಷ್ಟಿದೆ. ಹಾಡನ್ನು ಮೆಟ್ಟಿ ಮೇಲೇಳುವುದಿಲ್ಲ.

ಪಕ್ಕವಾದ್ಯಗಳನ್ನು ನೋಡಿದರೆ ‘ಹಳ್ಳಿಯ ಹಾಡು’ ಎಂಬ ಹಣೆಪಟ್ಟಿಯೇ ಅಲುಗಾಡುತ್ತದೆ. ತಂತಿಯ ಮೇಲೆ ಉಕ್ಕಿನ ಕಡ್ಡಿಯನ್ನು ಜಾರಿಸಿ ನುಡಿಸುವ ಹವಾಯಿ ದ್ವೀಪದ ಗಿಟಾರು, ಪಟ್ಟಣದ ಜಾಸ್ ಮೇಳದ ಕಾರ್ನೆಟ್ಟು ಕ್ಲಾರಿನೆಟ್ಟು, ಹೂಜಿಯ ಬಾಯಿಗೆ ತುಟಿಯಿಟ್ಟು ಊದುವ ಲೂಯಿವಿಲ್ಲಿನ ಕಪ್ಪು ಕಲಾವಿದರ ಮೇಳ, ಎಲ್ಲವೂ ಅವನ ಪ್ಲೇಟುಗಳಲ್ಲಿವೆ. ೧೯೨೮ರಲ್ಲಿ ಮುದ್ರಿತವಾದ ‘ವೇಟಿಂಗ್ ಫಾರ್ ಎ ಟ್ರೇನ್’ ಇದಕ್ಕೆ ಒಳ್ಳೆಯ ನಿದರ್ಶನ. ಹಾಡಿನ ಮೊದಲಿಗೆ ರೈಲಿನ ಸಿಳ್ಳನ್ನು ಅವನು ಬಾಯಿಂದಲೇ ಕೂಗುತ್ತಾನೆ. ಕಾಸಿಲ್ಲದೆ ಗೂಡ್ಸ್ ಗಾಡಿ ಹತ್ತಿ ಊರಿಗೆ ಹೊರಟ ಅಲೆಮಾರಿಯ ಕಥೆ ಅದು. ಹಳೆಯ ಹಾಡೊಂದರ ಮರುರೂಪ. ಸುತ್ತ ನುಡಿಯುವುದು ಹವಾಯಿಯ ತಂತಿ, ಜಾಸಿನ ಕೊಳವೆ. ಒಂದೊಂದನ್ನೂ ಬೇರೆ ತೆಗೆದು ನೋಡಿದರೆ ಒಂದೂ ಅವನದಲ್ಲ. ಒಟ್ಟಾಗಿ ಕೇಳಿದರೆ ಬೇರೆ ಯಾರದೂ ಆಗಲಾರದು.

ಪ್ಲೇಟು ಕೂಡ ಶೈಲಿಯನ್ನು ತಿದ್ದಿತು. ಹತ್ತು ಅಂಗುಲದ ಪ್ಲೇಟಿನ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷದ ಹಾಡು. ರಾತ್ರಿಯೆಲ್ಲ ಹಾಡಬಲ್ಲ ಪದವನ್ನು ಐದಾರು ನುಡಿಗೆ ಇಳಿಸಬೇಕು. ರಾಜರ್ಸನ ಹಾಡಿನ ಅಡಕಕ್ಕೆ ಯಂತ್ರದ ಈ ಕಟ್ಟಳೆಯೂ ಕಾರಣ. ಅವನ ಉಚ್ಚಾರವು ದಕ್ಷಿಣದ ಹಳ್ಳಿಗರದು, ಎಳೆದೆಳೆದು ಆಡುವಂಥದು. ಅದನ್ನು ಪಟ್ಟಣಕ್ಕಾಗಿ ಅವನು ತಿದ್ದಿಕೊಳ್ಳಲಿಲ್ಲ. ಪ್ಲೇಟು ಕೊಂಡವರು ಅದರಲ್ಲಿ ತಮ್ಮ ಮಾತನ್ನು ಕೇಳಿದರು.

೪. ಋಣ

ಗ್ಯಾಂಗಿನ ಕಪ್ಪು ಕೂಲಿಕಾರರಿಗೆ ನೀರು ಹೊರುತ್ತಿದ್ದ ಹುಡುಗನಿಗೆ ಅವರು ಬಿಡುವಿನಲ್ಲಿ ತಂತಿವಾದ್ಯ ಹಿಡಿಯುವುದನ್ನೂ ತಮ್ಮ ಪದಗಳನ್ನೂ ಕಲಿಸಿದರೆಂದು ಪತ್ನಿ ಕ್ಯಾರಿ ೧೯೩೫ರಲ್ಲಿ ಪ್ರಕಟಿಸಿದ ಜೀವನಕಥೆಯು ಹೇಳುತ್ತದೆ. ಹಳಿಯನ್ನು ಸರಿಸುವಾಗ ಕೂಲಿಕಾರರು ಕೂಡಿ ಹಾಡುವ ಹಾಡು ಹಾರೆಯ ಏಟಿಗೆ ಹೊಂದಿಕೊಂಡದ್ದು. ಅವರ ಮಾತು, ಅವರ ಬ್ಲೂಸ್, ಅವರ ನಗೆ ರಾಜರ್ಸನ ಹಾಡಿನ ಉದ್ದಗಲಕ್ಕೂ ಇವೆ. ಆದರೆ ಅವರಲ್ಲಿ ಒಬ್ಬನ ಹೆಸರೂ ಅವನ ಯಾವ ಪ್ಲೇಟಿನ ಮೇಲೂ ಇಲ್ಲ.

ಇದು ರಾಜರ್ಸನೊಬ್ಬನ ತಪ್ಪೆಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಅಂದಿನ ವ್ಯವಸ್ಥೆಯೇ ಹಾಗಿತ್ತು. ಪ್ಲೇಟಿನ ಕಂಪನಿಗಳು ಬಿಳಿಯರು ಹಾಡಿದ ಹಳ್ಳಿಯ ಹಾಡುಗಳಿಗೆ ಒಂದು ಪಟ್ಟಿ, ಕಪ್ಪು ಜನರು ಹಾಡಿದವಕ್ಕೆ ಇನ್ನೊಂದು ಪಟ್ಟಿ ಎಂದು ಅಚ್ಚುಹಾಕಿಸಿ ಮಾರುತ್ತಿದ್ದವು. ಒಂದೇ ಸೀಮೆಯ ಒಂದೇ ಹಾಡು ಹಾಡುವವನ ಮೈಬಣ್ಣವನ್ನು ನೋಡಿ ಎರಡು ಜಾತಿಯಾಗುತ್ತಿತ್ತು. ಇನ್ನೊಂದು ಸಂಗತಿಯೂ ಉಂಟು. ರಾಲ್ಫ್ ಪೀರನ ವರಮಾನ ಹಾಡುಗಳ ಹಕ್ಕುಸ್ವಾಮ್ಯದಿಂದ ಬರತಕ್ಕದ್ದು. ಎಲ್ಲರ ಬಾಯಲ್ಲಿರುವ ಹಾಡಿಗೆ ಹಕ್ಕು ದೊರೆಯದು. ಆದುದರಿಂದ ಅವನಿಗೆ ಬೇಕಾದದ್ದು ಹಳೆಯದರಂತೆ ಕೇಳಿಸುವ, ಆದರೆ ಹೊಸದೆಂದು ನೋಂದಾಯಿಸಬಹುದಾದ ಹಾಡು. ಊರಿನ ಹಾಡಿಗೆ ಒಡೆಯನು ಹುಟ್ಟಿಕೊಂಡದ್ದು ಹೀಗೆ. ಕೊಟ್ಟವರ ಹೆಸರು ಅಳಿಯಿತು. ಪಡೆದವನ ಹೆಸರು ಉಳಿಯಿತು.

ಕ್ಯಾರಿಯ ಅಕ್ಕತಂಗಿಯರಲ್ಲೊಬ್ಬಳಾದ ಎಲ್ಸಿ ಮೆಕ್‌ವಿಲಿಯಮ್ಸಳ ಋಣವನ್ನೂ ಇಲ್ಲಿ ಹೇಳಬೇಕು. ರಾಜರ್ಸನಿಗೆ ಸ್ವರಲಿಪಿ ಓದಲು ಬಾರದು. ಸಂಗೀತ ಕಲಿತಿದ್ದ ಆಕೆ ಮೂವತ್ತಕ್ಕೂ ಮಿಕ್ಕ ಹಾಡುಗಳನ್ನು ಅವನಿಗಾಗಿ ಕಟ್ಟಿ, ಎದುರು ಕುಳಿತು ಹಾಡಿ ಕಲಿಸಿದಳು. ಎಲ್ಲಕ್ಕೂ ಅವಳ ಹೆಸರು ಸೇರಲಿಲ್ಲ. ‘ಟಿ.ಬಿ. ಬ್ಲೂಸ್’ ಎಂಬ ಪ್ರಸಿದ್ಧವಾದ ಹಾಡಿನಲ್ಲಿ ಟೆಕ್ಸಾಸಿನ ಸೆರೆಮನೆಯ ಕೈದಿ ರೇಮಂಡ್ ಹಾಲನ ಕೈಯುಂಟು.

೧೯೩೦ರ ಜುಲೈ ೧೬ರಂದು ಲಾಸ್ ಏಂಜಲೀಸಿನಲ್ಲಿ ಮುದ್ರಿತವಾದ ‘ಬ್ಲೂ ಯೋಡೆಲ್’ ಒಂಬತ್ತನೆಯದು ಈ ಋಣದ ಪ್ರಕರಣದಲ್ಲಿ ವಿಶೇಷವಾದದ್ದು. ಅದರಲ್ಲಿ ರಾಜರ್ಸನ ಜತೆಗೆ ತುತ್ತೂರಿ ಊದಿದವನು ಜಾಸ್ ಸಂಗೀತದ ಮಹಾಪುರುಷ ಲೂಯಿ ಆರ್ಮ್‌ಸ್ಟ್ರಾಂಗ್. ಪಿಯಾನೋ ನುಡಿಸಿದವಳು ಅವನ ಪತ್ನಿ ಲಿಲ್. ದಕ್ಷಿಣದಲ್ಲಿ ಕಪ್ಪು ಜನರೂ ಬಿಳಿಯರೂ ಒಂದೇ ಬೆಂಚಿನ ಮೇಲೆ ಕೂಡುವಂತಿಲ್ಲದ ಕಾಲವದು. ರಾಜರ್ಸನು ತನ್ನ ವಾಡಿಕೆಯಂತೆ ಎಣಿಕೆಯನ್ನು ಎಳೆಯುತ್ತಾನೆ, ಮೊಟಕುತ್ತಾನೆ. ಆರ್ಮ್‌ಸ್ಟ್ರಾಂಗನು ಅವನ ಹೆಜ್ಜೆ ನೋಡಿ ಹೆಜ್ಜೆಯಿಡುತ್ತಾನೆ, ಸಾಲಿನ ಕೊನೆಯ ಬಿಡುವಿನಲ್ಲಿ ಉತ್ತರ ಕೊಡುತ್ತಾನೆ. ಕೇಳಿದರೆ ಎರಡು ಪಟ್ಟಿಯ ಸುಳ್ಳು ಮೂರು ನಿಮಿಷದಲ್ಲಿ ಬಯಲಾಗುತ್ತದೆ. ಆದರೆ ಆ ಪ್ಲೇಟಿನ ಮೇಲೂ ಆರ್ಮ್‌ಸ್ಟ್ರಾಂಗನ ಹೆಸರು ಇರಲಿಲ್ಲ.

ಬ್ರಿಸ್ಟಲ್ಲಿನಲ್ಲಿ ಹಾಡಿದ ಕಾರ್ಟರ್ ಕುಟುಂಬದ ಕಥೆಯನ್ನು ಇದರ ಮಗ್ಗುಲಿಗೆ ಇಟ್ಟು ನೋಡಬಹುದು. ಮನೆಯ ಯಜಮಾನ ಎ. ಪಿ. ಕಾರ್ಟರನು ಹಾಡುಗಳನ್ನು ಹುಡುಕಿಕೊಂಡು ಗುಡ್ಡಗಾಡನ್ನೆಲ್ಲ ತಿರುಗುತ್ತಿದ್ದನು. ಜತೆಗೆ ಲೆಸ್ಲಿ ರಿಡ್ಲ್ ಎಂಬ ಕಪ್ಪು ಜನಾಂಗದ ಗಿಟಾರುಗಾರ. ಕಾರ್ಟರನು ಸಾಹಿತ್ಯ ಬರೆದುಕೊಳ್ಳುವನು. ರಿಡ್ಲನು ಮಟ್ಟನ್ನು ನೆನಪಿನಲ್ಲಿ ಹೊತ್ತು ತಂದು ಮನೆಯವರಿಗೆ ಕಲಿಸುವನು. ಇವನ ಹೆಸರೂ ಅಳಿದುಹೋಗಬೇಕಾದದ್ದು. ೧೯೬೦ರ ದಶಕದಲ್ಲಿ ಮೈಕ್ ಸೀಗರ್ ಎಂಬ ಸಂಗ್ರಾಹಕನು ಅವನನ್ನು ಹುಡುಕಿ ಹಾಡಿಸಿ ಮುದ್ರಿಸಿಕೊಂಡುದರಿಂದ ಉಳಿಯಿತು. ರಾಜರ್ಸನಿಗೆ ಕಲಿಸಿದ ಕೂಲಿಕಾರರನ್ನು ಹೀಗೆ ಹುಡುಕುವವರು ಬರುವ ಹೊತ್ತಿಗೆ ಕಾಲ ಮೀರಿತ್ತು.

೫. ಗುಣದೋಷ

ಹಾಗಾದರೆ ರಾಜರ್ಸನು ಕೇವಲ ಎರವಲುಗಾರನೆ? ಎರವಲು ತಂದವರು ಅವನ ಕಾಲದಲ್ಲಿ ಹಲವರಿದ್ದರು. ಕಪ್ಪು ಮಸಿ ಬಳಿದುಕೊಂಡು ಆ ಜನರ ಮಾತನ್ನು ಅಣಕಿಸಿ ನಗಿಸುತ್ತಿದ್ದ ರಂಗದ ಹಾಡುಗಾರರೂ ಬ್ಲೂಸ್ ಹಾಡಿದರು, ಯೋಡೆಲ್ ಹಾಡಿದರು. ರಾಜರ್ಸನೂ ಬಡತನದಲ್ಲಿ ಅಂಥ ಆಟಗಳ ಡೇರೆಯಲ್ಲಿ ದುಡಿದವನೇ. ವ್ಯತ್ಯಾಸವೆಂದರೆ ಪ್ಲೇಟಿನಲ್ಲಿ ಅವನು ಅಣಕಿಸುವುದಿಲ್ಲ. ರೈಲಿನಿಂದ ಕೆಳಗೆ ತಳ್ಳಿಸಿಕೊಂಡವನ ಹಾಡನ್ನು ತಾನೇ ತಳ್ಳಿಸಿಕೊಂಡವನಂತೆ ಹಾಡುತ್ತಾನೆ. ‘ಟಿ.ಬಿ. ಬ್ಲೂಸ್’ನಲ್ಲಿ ಇದು ತುದಿ ಮುಟ್ಟಿದೆ. ತನ್ನನ್ನು ಕೊಲ್ಲುತ್ತಿರುವ ರೋಗದ ಹೆಸರನ್ನು ಹೇಳಿ, ಅದರೊಡನೆ ಹೋರಾಡಿದ್ದನ್ನೂ ಗೆಲ್ಲಲಾರೆನೆಂಬುದನ್ನೂ ಗೋಳಾಡದೆ ಹಾಡುತ್ತಾನೆ. ಕ್ಷಯವನ್ನು ನಾಚಿಕೆಯೆಂದು ಬಚ್ಚಿಡುತ್ತಿದ್ದ ಕಾಲದಲ್ಲಿ ಇದು ಸಣ್ಣ ಧೈರ್ಯವಲ್ಲ. ಉಸಿರು ಕಡಮೆಯಾದವನು ಉಸಿರನ್ನೇ ಬಂಡವಾಳ ಮಾಡಿಕೊಂಡ ಕಲೆಯಿದು. ಕೊನೆಕೊನೆಯ ಪ್ಲೇಟುಗಳಲ್ಲಿ ಯೋಡೆಲ್ ಹಿಂದಿನಷ್ಟು ಮೇಲಕ್ಕೆ ಹಾರುವುದಿಲ್ಲ, ಆದರೆ ಹಿಂದಿಗಿಂತ ಆಳಕ್ಕೆ ಇಳಿಯುತ್ತದೆ.

ದೋಷಗಳೂ ಉಂಟು, ವಿಮರ್ಶಕನು ಮರೆಮಾಚಬಾರದು. ತಾಯಿಯನ್ನೂ ತಂದೆಯನ್ನೂ ಹಳೆಯ ಮನೆಯನ್ನೂ ನೆನೆದು ಹಾಡಿದ ಹಾಡುಗಳಲ್ಲಿ ಬಹುಪಾಲು ಅಂದಿನ ಅಗ್ಗದ ಕಣ್ಣೀರಿನ ಸರಕು. ಮಾತು ಸವೆದದ್ದು, ಭಾವ ಸಿದ್ಧಪಡಿಸಿಟ್ಟದ್ದು. ದನಿ ಅಲ್ಲಿಯೂ ಇದೆ, ಆದರೆ ಹಿಡಿಯಲು ಅದಕ್ಕೆ ಏನೂ ಸಿಗುವುದಿಲ್ಲ. ‘ಬ್ಲೂ ಯೋಡೆಲ್’ಗಳ ಕೆಲವು ನುಡಿಗಳಲ್ಲಿ ನಂಬಿಕೆಗೆಟ್ಟ ಹೆಣ್ಣನ್ನು ಗುಂಡಿಟ್ಟು ಕೊಲ್ಲುವೆನೆಂಬ ಜಂಬವಿದೆ, ಬ್ಲೂಸಿನ ರೂಢಿಯ ಮಾತೆಂದು ಹೇಳಿ ತಪ್ಪಿಸಿಕೊಳ್ಳಬಹುದು, ಆದರೆ ಕಿವಿಗೆ ಒರಟಾಗಿಯೇ ಕೇಳಿಸುತ್ತದೆ. ಹದಿಮೂರು ‘ಬ್ಲೂ ಯೋಡೆಲ್’ಗಳಲ್ಲಿ ಎಲ್ಲವೂ ಒಂದೇ ಎರಕದವು. ಒಂದೇ ಕೂರಿಕೆಯಲ್ಲಿ ಕೇಳಿದವನಿಗೆ ಬೇಸರ ಬಾರದಿರದು. ಪ್ಲೇಟು ಮಾರಾಟವಾದಷ್ಟು ಕಾಲ ಅದೇ ಎರಕದ ಇನ್ನೊಂದನ್ನು ಕೇಳುವುದು ವ್ಯಾಪಾರದ ಸ್ವಭಾವ.

ಆದರೂ ಉಳಿದದ್ದು ಉಳಿಯಿತು. ಬಿಲ್ ಮನ್ರೋ ಎಂಬವನು ‘ಬ್ಲೂ ಯೋಡೆಲ್’ ಎಂಟನೆಯದನ್ನು ಎತ್ತಿಕೊಂಡು ೧೯೪೦ರಲ್ಲಿ ಬೇರೆಯೇ ನಡೆಯಲ್ಲಿ ಹಾಡಿ ಮುದ್ರಿಸಿದನು. ಜೀನ್ ಆಟ್ರಿ, ಅರ್ನೆಸ್ಟ್ ಟಬ್ ಮೊದಲಾದವರು ಇವನನ್ನು ಅನುಕರಿಸಿ ತೊಡಗಿ ತಮ್ಮ ದಾರಿ ಹಿಡಿದರು. ಇವೆಲ್ಲಕ್ಕಿಂತ ಸೋಜಿಗವಾದದ್ದು ಆಫ್ರಿಕೆಯ ಕೆನ್ಯಾದಲ್ಲಿ ನಡೆದದ್ದು. ೧೯೫೦ರಲ್ಲಿ ಹ್ಯೂ ಟ್ರೇಸಿ ಎಂಬ ಸಂಗ್ರಾಹಕನು ಅಲ್ಲಿಯ ಕಿಪ್ಸಿಗಿಸ್ ಜನರ ಹಳ್ಳಿಗೆ ಯಂತ್ರ ಒಯ್ದಾಗ ಹೆಣ್ಣುಮಕ್ಕಳು ‘ಚೆಮಿರೋಚ’ ಎಂಬವನ ಮೇಲೆ ಪದ ಹಾಡಿದರು. ಗ್ರಾಮೋಫೋನಿನಲ್ಲಿ ಕೇಳಿದ ಜಿಮ್ಮಿ ರಾಜರ್ಸನ ಹೆಸರು ಅವರ ಬಾಯಲ್ಲಿ ಹಾಗಾಗಿತ್ತು. ಅವರ ಪಾಲಿಗೆ ಅವನು ಅರ್ಧ ಮನುಷ್ಯ, ಅರ್ಧ ಜಿಂಕೆ. ಆಫ್ರಿಕೆಯಿಂದ ಬಂದವರ ಮಕ್ಕಳು ಕಲಿಸಿದ ಹಾಡು ಬಿಳಿಯನೊಬ್ಬನ ದನಿಯಲ್ಲಿ ಆಫ್ರಿಕೆಯನ್ನು ಮುಟ್ಟಿ, ಅಲ್ಲಿಯ ತಂತಿಯ 'ಮೇಲೆ ಅಲ್ಲಿಯ ಮಟ್ಟಿನಲ್ಲಿ ಮತ್ತೊಮ್ಮೆ ಹುಟ್ಟಿತು. ಇದನ್ನು ಬೆರಕೆಯೆಂದು ತಳ್ಳುವವರು ಹಾಡನ್ನೇ ತಳ್ಳಬೇಕಾದೀತು.

೬. ನಮಗೆ ಇದರಿಂದ ಏನು?

ರಾಜರ್ಸನ ಬಾಳಿನಿಂದ ಎರಡು ಮಾತು ಸ್ಪಷ್ಟವಾಗುತ್ತವೆ. ಒಂದು: ಹಾಡಿನ ಸತ್ವವು ಅದರ ಮೂಲದ ಶುದ್ಧಿಯಲ್ಲಿಲ್ಲ, ತಂದದ್ದನ್ನು ಹಾಡುಗಾರನು ತನ್ನ ಬಾಳಿನೊಡನೆ ಹೇಗೆ ಬೆಸೆದನೆಂಬುದರಲ್ಲಿದೆ. ಜಂಕ್ಷನ್ನಿನಲ್ಲಿ ಬೆಳೆದವನ ಹಾಡು ಜಂಕ್ಷನ್ನಿನಂತೆಯೇ ಇರತಕ್ಕದ್ದು. ಎರಡು ಮೂರು ಭಾಷೆಗಳ ನಡುವೆ ಬದುಕುವವನ ಪದದಲ್ಲಿ ಆ ಭಾಷೆಗಳು ಕೇಳಿಸದಿದ್ದರೆ, ಆ ಪದವು ಅವನದೆ ಎಂದು ನಾವು ಸಂದೇಹಪಡಬೇಕು. ಆದುದರಿಂದ ಸೊಲ್ಲಾಪುರದ ಕಡೆಯ ಲಾವಣಿಕಾರನು ನಡುವೆ ಮರಾಠಿಯ ಮಾತನ್ನು ಹೇಳಿದರೆ ಹೇಳಿದಂತೆಯೇ ಬರೆದುಕೊಳ್ಳೋಣ. ಕನ್ನಡವು ಇದರಿಂದ ಬಡವಾಗುವುದಿಲ್ಲ. ಬೇರೆ ಮಾತಿನ ನಡುವೆಯೂ ಕನ್ನಡದಲ್ಲಿಯೇ ಹಾಡು ಕಟ್ಟಿದನೆಂಬುದಕ್ಕೆ ಆ ಬೆರಕೆಯೇ ಸಾಕ್ಷಿ. ತಿದ್ದಿದ ಪದದಲ್ಲಿ ಆ ಸಾಕ್ಷಿಯನ್ನು ನಾವೇ ಅಳಿಸಿದಂತಾಗುತ್ತದೆ.

ಇನ್ನೊಂದು: ಬೆರಕೆಯನ್ನು ಒಪ್ಪಿಕೊಂಡ ಮಾತ್ರಕ್ಕೆ ಋಣ ತೀರುವುದಿಲ್ಲ. ಯಾರಿಂದ ಬಂದಿತು ಎಂಬುದನ್ನು ಬರೆದಿಡಬೇಕು. ನಮ್ಮ ಸಂಗ್ರಹಗಳಲ್ಲಿ ಎಷ್ಟೋ ವೇಳೆ ಸಂಗ್ರಾಹಕನ ಹೆಸರು ರಕ್ಷಾಪುಟದ ಮೇಲಿರುತ್ತದೆ. ಹಾಡಿದ ಅಜ್ಜಿಯ ಹೆಸರು ಒಳಪುಟದಲ್ಲಿಯೂ ಇರುವುದಿಲ್ಲ. ‘ಜನಪದಕ್ಕೆ ಕರ್ತೃವಿಲ್ಲ’ ಎಂಬ ಸೂತ್ರವು ಇದಕ್ಕೆ ಅನುಕೂಲವಾದ ನೆಪವಾಗಿದೆ. ಕರ್ತೃವಿಲ್ಲದಿರಬಹುದು, ಹಾಡಿದವರಂತೂ ಇದ್ದಾರೆ. ಅವರ ಹೆಸರು, ಊರು, ಕಸುಬು, ಯಾರಿಂದ ಯಾವ ವಯಸ್ಸಿನಲ್ಲಿ ಕಲಿತರು, ಯಾವ ಕೆಲಸ ಮಾಡುತ್ತ ಹಾಡುತ್ತಿದ್ದರು, ಇಷ್ಟನ್ನು ಪದದ ಕೆಳಗೆ ನಾಲ್ಕು ಸಾಲಿನಲ್ಲಿ ಬರೆಯುವುದು ಯಾವ ಪ್ರೌಢಶಾಲೆಯ ವಿದ್ಯಾರ್ಥಿಗೂ ಅಸಾಧ್ಯವಲ್ಲ. ಇಂದು ದನಿಯನ್ನು ಹಿಡಿದಿಡುವ ಯಂತ್ರ ಪ್ರತಿಯೊಬ್ಬರ ಜೇಬಿನಲ್ಲಿದೆ. ಪೀರನಂತೆ ಕಟ್ಟಡ ಬಾಡಿಗೆ ಹಿಡಿಯಬೇಕಾಗಿಲ್ಲ. ಕೇಳುವ ವ್ಯವಧಾನ, ಹೆಸರು ಬರೆಯುವ ಪ್ರಾಮಾಣಿಕತೆ, ಇವೆರಡೇ ಬೇಕಾದದ್ದು. ಗಡಿನಾಡಿನ ಶಾಲೆಗಳಲ್ಲಿರುವ ನಾವಲ್ಲದೆ ಈ ಕೆಲಸಕ್ಕೆ ಹತ್ತಿರವಿರುವವರು ಬೇರೆ ಯಾರೂ ಇಲ್ಲ. ಹಾಡುವ ಹಿರಿಯರಿಗೂ ಇನ್ನು ಬಹಳ ದಿನ ಉಳಿದಿಲ್ಲ.